ಊರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿದ ಮಗಳಿಗೆ ಯಾವ ರಾಜ್ಯದ ವಿದ್ಯಾರ್ಥಿವೇತನ?

ಪ್ರಶ್ನೆ: ಡೊಂಬಿವಲಿಯ ತಂದೆ

ಮಾನ್ಯರೇ, ನಾನು ಮೂಲತಃ ಕುಂದಾಪುರ ತಾಲೂಕಿನವನು. 1996ರಲ್ಲಿ ಮುಂಬಯಿಗೆ ಬಂದು ಬೇರೆ ಬೇರೆ ಹೋಟೆಲುಗಳಲ್ಲಿ ದುಡಿದು, ಈಗ ಠಾಣೆಯ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ. ತಿಂಗಳ ಸಂಬಳ 28,000 ರೂಪಾಯಿ. ಊರಿನಲ್ಲಿ ಹೇಳಿಕೊಳ್ಳುವಂಥ ಗದ್ದೆಯಾಗಲಿ ತೋಟವಾಗಲಿ ಇಲ್ಲ. ಮಗಳು ಈ ವರ್ಷ ಹನ್ನೆರಡನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿ ಶೇಕಡಾ 84 ಅಂಕ ಪಡೆದಿದ್ದಾಳೆ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿಯನ್ನೂ ಬರೆದು, ಕಂಪ್ಯೂಟರ್ ಇಂಜಿನಿಯರಿಂಗ್ ಓದಬೇಕೆಂದು ಹಟ ಹಿಡಿದಿದ್ದಾಳೆ. ನಾನು ವಿಚಾರಿಸಿದ ಖಾಸಗಿ ಕಾಲೇಜುಗಳಲ್ಲಿ ವರ್ಷದ ಶುಲ್ಕ ಒಂದೂವರೆ ಲಕ್ಷದ ಆಸುಪಾಸಿನಲ್ಲಿದೆ. ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ.

ನನ್ನ ಗೊಂದಲ ಹಣದ್ದಷ್ಟೇ ಅಲ್ಲ, ಕಾಗದಪತ್ರಗಳದ್ದೂ ಹೌದು. ನಮ್ಮಲ್ಲಿನ ವಾಡಿಕೆಯಂತೆ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಮಗಳ ಜನನ ಪ್ರಮಾಣಪತ್ರ ಕುಂದಾಪುರದ್ದಾಗಿದೆ. ಮೂರು ತಿಂಗಳ ಕೂಸಾಗಿ ಡೊಂಬಿವಲಿಗೆ ಬಂದವಳು ಬಾಲವಾಡಿಯಿಂದ ಹನ್ನೆರಡನೆಯ ತರಗತಿಯವರೆಗೆ ಇಲ್ಲಿಯೇ ಓದಿದ್ದಾಳೆ. ನಮ್ಮ ಜಾತಿ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ, ಅಲ್ಲಿಯ ತಹಸೀಲ್ದಾರರು ಕೊಟ್ಟ ಪ್ರಮಾಣಪತ್ರವೂ ನನ್ನ ಬಳಿ ಇದೆ. ಅದು ಇಲ್ಲಿ ನಡೆಯುತ್ತದೆಯೆ? ಇಲ್ಲವಾದರೆ ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದೆ? ಇಷ್ಟರಲ್ಲಿ ಮಧ್ಯವರ್ತಿಯೊಬ್ಬರು, ಪ್ರವೇಶದ ಸುತ್ತುಗಳ ತಾಪತ್ರಯವೇ ಬೇಡ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಹಿಡಿದು ಆಮೇಲೆ ವಿದ್ಯಾರ್ಥಿವೇತನ ಮಾಡಿಸಿಕೊಡುತ್ತೇನೆ ಎಂದು ದಿನವೂ ಫೋನು ಮಾಡುತ್ತಿದ್ದಾರೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ಮುಲುಂಡಿನ ನಿವೃತ್ತ ಗುಮಾಸ್ತ

ನಾನು ಕಾಲೇಜೊಂದರ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಮೇಜಿನ ಹಿಂದೆ ಹಲವು ವರ್ಷ ಕುಳಿತವನು. ಮೊದಲು ಆ ಮಧ್ಯವರ್ತಿಯ ಮಾತನ್ನು ಬದಿಗಿಡಿ. ಮಹಾರಾಷ್ಟ್ರ ಸರ್ಕಾರದ ಶುಲ್ಕ ಸಹಾಯವೆಲ್ಲ ರಾಜ್ಯದ ಪ್ರವೇಶ ಪರೀಕ್ಷಾ ಘಟಕವಾದ ಸಿಇಟಿ ಸೆಲ್ ನಡೆಸುವ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ, ಅಂದರೆ ಎಲ್ಲರೂ ಕ್ಯಾಪ್ ಎನ್ನುವ ಆ ಸುತ್ತುಗಳ ಮೂಲಕ ಸೀಟು ಪಡೆದವರಿಗೆ ಮಾತ್ರ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದ ದಿನವೇ ನಿಮ್ಮ ಮಗಳು ಆ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ, ಆಮೇಲೆ ಯಾರು ಏನು ಮಾಡಿಸಿಕೊಟ್ಟರೂ ಅದು ತೆರೆಯುವುದಿಲ್ಲ. ಸ್ವಲ್ಪ ಕಡಿಮೆ ಹೆಸರಿನ ಕಾಲೇಜಾದರೂ ಕ್ಯಾಪ್ ಸೀಟೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ನಿಮ್ಮ ಇಡೀ ಪ್ರಶ್ನೆ ನಿಂತಿರುವುದು ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರದ ಮೇಲೆ. ಬಡತನ ಎಷ್ಟೇ ಇರಲಿ, ಅಂಕ ಎಷ್ಟೇ ಬರಲಿ, ಕಂಪ್ಯೂಟರು ಮೊದಲು ಕೇಳುವುದು ಈ ಹುಡುಗಿ ಯಾವ ರಾಜ್ಯದವಳು ಎಂದು. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಮಹಾರಾಷ್ಟ್ರದಲ್ಲಿ ಪಾಸು ಮಾಡಿದವರು ಇಲ್ಲಿ ಹುಟ್ಟಿದವರಾಗಿದ್ದರೆ ಜನನದ ದಾಖಲೆಯೇ ಸಾಕಾಗುತ್ತದೆ. ತವರು ಮನೆಯ ಹೆರಿಗೆಯಿಂದಾಗಿ ನಮ್ಮ ಜನರ ಮಕ್ಕಳಲ್ಲಿ ಅನೇಕರಿಗೆ ಆ ಅನುಕೂಲ ಇರುವುದಿಲ್ಲ. ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಸ್ಥಳ ಕುಂದಾಪುರ, ಕಾರ್ಕಳ, ಕುಮಟಾ ಎಂದಿದ್ದರೆ ಡೊಮಿಸೈಲ್ ಬೇಕೇ ಬೇಕು. ಅದಕ್ಕೆ ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಾಗಿರುವುದನ್ನು ತೋರಿಸಬೇಕಾಗುತ್ತದೆ. ಮಗಳ ಶಾಲೆ ಮತ್ತು ಕಾಲೇಜುಗಳಿಂದ ಯಾವ ವರ್ಷದಿಂದ ಯಾವ ವರ್ಷದವರೆಗೆ ಓದಿದಳೆಂದು ಸ್ಪಷ್ಟವಾಗಿ ಬರೆದ ಬೋನಾಫೈಡ್ ಪತ್ರಗಳನ್ನು ಪಡೆಯಿರಿ. ಬಾಲವಾಡಿಯ ಪತ್ರವನ್ನು ಮರೆಯಬೇಡಿ, ಒಂದನೆಯ ತರಗತಿಯಿಂದ ಎಣಿಸಿದರೆ ಹನ್ನೆರಡೇ ವರ್ಷವಾಗುತ್ತದೆ. ಜೊತೆಗೆ ನಿಮ್ಮ ಹೆಸರಿನ ರೇಷನ್ ಕಾರ್ಡು, ಹಳೆಯ ವಿದ್ಯುತ್ ಬಿಲ್ಲುಗಳು, ಬಾಡಿಗೆ ಕರಾರುಗಳನ್ನು ಒಟ್ಟುಮಾಡಿ. ನೀವು 1996ರಿಂದ ಇರುವುದರಿಂದ ಮೊದಲು ನಿಮ್ಮ ಹೆಸರಿನಲ್ಲಿ ಡೊಮಿಸೈಲ್ ಮಾಡಿಸಿ, ಅದನ್ನು ಮಗಳ ಅರ್ಜಿಗೆ ಲಗತ್ತಿಸಿದರೆ ಕೆಲಸ ಹಗುರವಾಗುತ್ತದೆ. ಡೊಂಬಿವಲಿಯವರಿಗೆ ಕಲ್ಯಾಣದ ತಹಸೀಲ್ದಾರ್ ಕಚೇರಿ. ಅರ್ಜಿಯನ್ನು ರಾಜ್ಯ ಸರ್ಕಾರದ ಆಪಲೆ ಸರ್ಕಾರ್ ಪೋರ್ಟಲಿನಲ್ಲಿ ಅಥವಾ ಸೇತು ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲಿ ಹಾಕಬಹುದು.

ಆದಾಯ ಪ್ರಮಾಣಪತ್ರವೂ ಅಲ್ಲಿಯದೇ. ಹೋಟೆಲಿನವರಲ್ಲಿ ಸಂಬಳ ಮತ್ತು ತೆರಿಗೆ ಕಡಿತದ ಪತ್ರವಾದ ಫಾರ್ಮ್ 16 ಇರುವವರು ಕಡಿಮೆ, ಆದುದರಿಂದ ಮಾಲೀಕರಿಂದ ಲೆಟರ್‌ಹೆಡ್ಡಿನ ಮೇಲೆ ಸಂಬಳದ ಪತ್ರ ಬರೆಸಿಕೊಳ್ಳಿ. ಗಂಡ ಹೆಂಡತಿ ಇಬ್ಬರ ಆದಾಯವನ್ನೂ ಕೂಡಿಸಿ ತೋರಿಸಬೇಕು. ಮೆಸ್ಸಿನ ಡಬ್ಬಿ ಕಟ್ಟಿಕೊಟ್ಟು ಹೆಂಡತಿ ಸಂಪಾದಿಸುವುದನ್ನು ಮುಚ್ಚಿಡುವವರನ್ನು ಕಂಡಿದ್ದೇನೆ, ಆದರೆ ಮಿತಿ ಎಂಟು ಲಕ್ಷವಿರುವಾಗ ಮುಚ್ಚಿಡುವ ಅಗತ್ಯವೇ ಇಲ್ಲ.

ಇನ್ನು ಯೋಜನೆಗಳ ವಿಷಯ. ಮಹಾರಾಷ್ಟ್ರ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಮಹಾಡಿಬಿಟಿ ಪೋರ್ಟಲಿನಲ್ಲಿ ಸಾಮಾನ್ಯ ವರ್ಗದವರಿಗಾಗಿ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಯೋಜನೆ ಇದೆ. ಕಾಲೇಜುಗಳಲ್ಲಿ ಎಲ್ಲರೂ ಅದನ್ನು ಇಬಿಸಿ ಎಂದೇ ಕರೆಯುತ್ತಾರೆ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದ ಅರ್ಧ ಭಾಗವನ್ನು ಸರ್ಕಾರ ಭರಿಸುತ್ತದೆ. ಒಂದು ಕುಟುಂಬದ ಇಬ್ಬರು ಮಕ್ಕಳವರೆಗೆ ಇದು ಅನ್ವಯಿಸುತ್ತದೆ. 2024-25ರಿಂದ ವೃತ್ತಿಪರ ಕೋರ್ಸುಗಳಿಗೆ ಸೇರಿದ, ಇದೇ ಆದಾಯ ಮಿತಿಯೊಳಗಿನ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ) ಮತ್ತು ಒಬಿಸಿ (ಇತರೆ ಹಿಂದುಳಿದ) ವರ್ಗಗಳ ಹುಡುಗಿಯರಿಗೆ ಅರ್ಧದ ಬದಲು ಪೂರ್ತಿ ಶುಲ್ಕವನ್ನೇ ಸರ್ಕಾರ ಕೊಡುತ್ತಿದೆ. ನಿಮ್ಮ ಮಗಳಿಗೆ ಕನಿಷ್ಠ ಅರ್ಧವಾದರೂ ಸಿಗಬೇಕೆಂದು ಹಿಡಿದು ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಒಂದು ಎಚ್ಚರಿಕೆ ಬೇಕು. ಕಾಲೇಜು ಹೇಳುವ ಒಂದೂವರೆ ಲಕ್ಷವೆಲ್ಲ ಬೋಧನಾ ಶುಲ್ಕವಲ್ಲ; ಅದರಲ್ಲಿ ಅಭಿವೃದ್ಧಿ ಶುಲ್ಕ, ಠೇವಣಿ, ಇತರೆ ಎಂಬುವೆಲ್ಲ ಸೇರಿರುತ್ತವೆ, ಅವು ನಿಮ್ಮ ಕೈಯಿಂದಲೇ ಹೋಗುತ್ತವೆ. ಖಾಸಗಿ ಕಾಲೇಜುಗಳ ಶುಲ್ಕವನ್ನು ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸುತ್ತದೆ. ಆ ವಿಭಜನೆಯನ್ನು ಕೇಳಿ ಪಡೆದುಕೊಂಡ ನಂತರವೇ ಕಾಲೇಜುಗಳ ಆದ್ಯತೆಯ ಪಟ್ಟಿಯನ್ನು ತುಂಬಿರಿ.

ಕರ್ನಾಟಕದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲಿನ ಆಸೆ ಬಿಡಿ. ಅದು ಅಲ್ಲಿಯ ನಿವಾಸಿಗಳಿಗಾಗಿ ಇರುವುದು, ಅಲ್ಲಿ ನಿಮ್ಮ ಮಗಳು ಹೊರನಾಡಿನವಳು.

ಉತ್ತರ 2: ಗೋರೆಗಾಂವ್ ಓದುಗಿ

ಜಾತಿ ಪ್ರಮಾಣಪತ್ರದ ವಿಷಯವನ್ನು ಹಿರಿಯರು ಮುಟ್ಟಲಿಲ್ಲವಾದ್ದರಿಂದ, ಅದರಲ್ಲಿಯೇ ಎರಡು ವರ್ಷ ಅಲೆದ ನಾನು ಬರೆಯುತ್ತಿದ್ದೇನೆ.

ಕರ್ನಾಟಕದ ತಹಸೀಲ್ದಾರರು ಕೊಟ್ಟ ಪ್ರಮಾಣಪತ್ರ ಮಹಾರಾಷ್ಟ್ರ ಸರ್ಕಾರದ ಸವಲತ್ತುಗಳಿಗೆ ನಡೆಯುವುದಿಲ್ಲ. ಇದು ಇಲ್ಲಿಯ ಗುಮಾಸ್ತರ ಮೊಂಡುತನವಲ್ಲ, ಕಾನೂನೇ ಹಾಗಿದೆ. ಆಂಧ್ರದಿಂದ ಮುಂಬಯಿಗೆ ಬಂದ ನೌಕರರೊಬ್ಬರ ಮಗ ಇಲ್ಲಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದ ಬಗ್ಗೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿಯೇ ತೀರ್ಪು ಕೊಟ್ಟಿತು. ಒಂದು ರಾಜ್ಯದಲ್ಲಿ ಪರಿಶಿಷ್ಟರೆಂದು ಗುರುತಿಸಲ್ಪಟ್ಟವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದಾಗ ಆ ಸ್ಥಾನಮಾನವನ್ನು ಜೊತೆಯಲ್ಲಿ ಒಯ್ಯಲಾಗುವುದಿಲ್ಲ ಎಂಬುದು ಅದರ ಸಾರ. ಮಹಾರಾಷ್ಟ್ರದಲ್ಲಿ ಪ್ರತಿ ವರ್ಗಕ್ಕೂ ಒಂದು ಗಡಿ ದಿನಾಂಕವಿದೆ: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಆ ದಿನಕ್ಕಿಂತ ಮೊದಲೇ ಕುಟುಂಬ ಇಲ್ಲಿ ನೆಲೆಸಿತ್ತೆಂದು ತೋರಿಸಬೇಕು. ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿಯೂ ಇರಬೇಕು. ಆಮೇಲೆ ಜಾತಿ ಪರಿಶೀಲನಾ ಸಮಿತಿಯಿಂದ ವ್ಯಾಲಿಡಿಟಿ ಎಂಬ ಇನ್ನೊಂದು ಪತ್ರ ತರಬೇಕು. ಸಾಮಾನ್ಯ ವರ್ಗದ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೂ ರಾಜ್ಯದ ಸವಲತ್ತಿನ ಮಟ್ಟಿಗೆ ಅದೇ 1967ರ ದಿನಾಂಕವನ್ನು ಹಚ್ಚಿದ್ದಾರೆಂಬುದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಇದು ಬಗೆಹರಿದದ್ದು ಅಜ್ಜನ ಒಂದು ಹಾಳೆಯಿಂದ. ಹಗಲಿನಲ್ಲಿ ಹೋಟೆಲಿನ ಕೆಲಸ ಮಾಡಿ, ಸಂಜೆ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ಅವರು 1964ರಲ್ಲಿ ಶಾಲೆ ಬಿಟ್ಟಾಗ ಪಡೆದ ದಾಖಲೆಯಲ್ಲಿ ಜಾತಿಯನ್ನು ಬರೆದಿದ್ದರು. ಅವರು ಸಾಯುವವರೆಗೂ ಮುಂಬಯಿಯಲ್ಲಿಯೇ ಇದ್ದರು. ಅವರ ಚಾಳಿನ ಬಾಡಿಗೆ ರಸೀದಿಗಳನ್ನು ಅಜ್ಜಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ರಾತ್ರಿ ಶಾಲೆ ಕಲಿತ ತಲೆಮಾರಿನ ಬಗ್ಗೆ ನಾವು ಸಭೆಗಳಲ್ಲಿ ಭಾಷಣ ಕೇಳುತ್ತೇವೆ, ಆದರೆ ಆ ಶಾಲೆಯ ಒಂದು ಕಾಗದ ಮೊಮ್ಮಗಳ ಶುಲ್ಕವನ್ನು ಕಟ್ಟಬಲ್ಲದೆಂದು ಯಾರೂ ಹೇಳಿರಲಿಲ್ಲ.

ಡೊಂಬಿವಲಿಯ ಅಣ್ಣನವರೇ, ನಿಮ್ಮ ತಂದೆ ಅಥವಾ ಅಜ್ಜ ಹಾಗೆ ಮೊದಲೇ ಬಂದು ಇಲ್ಲಿ ನೆಲೆಸಿದ್ದರೆ ಈ ಹಾದಿ ನಿಮಗೂ ಇದೆ. ಬಂದಿದ್ದು ಊರಿಗೆ ಮರಳಿದ್ದರೆ ಮಾತ್ರ ನಿಮ್ಮ ಪ್ರಕರಣ ದುರ್ಬಲವಾಗುತ್ತದೆ. ಹಾಗಿದ್ದಲ್ಲಿ ಈ ಹಾದಿಯಲ್ಲಿ ಸಮಯ ಕಳೆಯದೆ ಸಾಮಾನ್ಯ ವರ್ಗದಲ್ಲಿಯೇ ಇಬಿಸಿಗೆ ಅರ್ಜಿ ಹಾಕುವುದು ಜಾಣತನ. ಕೇಂದ್ರ ಸರ್ಕಾರದ ಸಂಸ್ಥೆಗಳ ಪ್ರವೇಶಕ್ಕೆ ನಿಮ್ಮ ಕರ್ನಾಟಕದ ಮೂಲದ ಪ್ರಮಾಣಪತ್ರ, ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ, ಉಪಯೋಗಕ್ಕೆ ಬರುತ್ತದೆ. ಆದುದರಿಂದ ಅದನ್ನು ಎಸೆಯಬೇಡಿ.

ಉತ್ತರ 3: ಪುಣೆಯ ಹಾಸ್ಟೆಲಿನಿಂದ

ನಾನು ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೇನೆ. ತಂದೆಯವರು ಪಿಂಪ್ರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದಾರೆ. ಅರ್ಜಿ ಮಂಜೂರಾದ ಮೇಲೂ ಹಣ ಹೇಗೆ ಕೈತಪ್ಪುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳಬೇಕು.

ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುವ ಯೋಜನೆಗಳಲ್ಲಿ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗಿಂತ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದೇ ಮುಖ್ಯವಾಗುತ್ತದೆ. ಖಾತೆಗೆ ಆಧಾರ್ ಸಂಖ್ಯೆಯನ್ನು ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಸ್ವೀಕರಿಸುವ ಖಾತೆಯೆಂದು ಬ್ಯಾಂಕುಗಳ ನಡುವಿನ ಪಾವತಿಗಳನ್ನು ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆ ಬ್ಯಾಂಕಿನ ಹೆಸರು ನಮೂದಾಗುವುದು ಬೇರೆ. ಎರಡನೆಯದನ್ನು ಸೀಡಿಂಗ್ ಎನ್ನುತ್ತಾರೆ, ಅದು ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ ಇರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಮಾವ ತೆರೆಸಿಕೊಟ್ಟ ಖಾತೆಗೆ ನನ್ನ ಆಧಾರ್ ಸೀಡ್ ಆಗಿತ್ತು. ಎರಡು ವರ್ಷ ಮುಟ್ಟದೆ ಬಿಟ್ಟ ಆ ಖಾತೆ ನಿಷ್ಕ್ರಿಯವಾಗಿತ್ತು, ಹಣ ಹೋಗಿ ಹಿಂದಿರುಗಿತು, ನಾನು ಪುಣೆಯ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಏಳು ತಿಂಗಳು ಕಾದೆ. ಆಧಾರ್ ಜಾಲತಾಣದಲ್ಲಿಯೇ ಬ್ಯಾಂಕ್ ಸೀಡಿಂಗ್ ಸ್ಥಿತಿಯನ್ನು ನೋಡುವ ಅವಕಾಶವಿದೆ. ಅರ್ಜಿ ಹಾಕುವ ಮೊದಲೇ ನೋಡಿ, ಬೇಕಾದರೆ ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಳ್ಳಿ. ಆಧಾರ್, ಹತ್ತನೆಯ ತರಗತಿಯ ಅಂಕಪಟ್ಟಿ ಮತ್ತು ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮ್ಮವರ ಹೆಸರುಗಳಲ್ಲಿ ಊರಿನ ಇನಿಷಿಯಲ್ಲು ಮುಂದಿರುತ್ತದೆ, ಇಲ್ಲಿಯ ಶಾಲೆಗಳು ತಂದೆಯ ಹೆಸರನ್ನು ನಡುವೆ ಸೇರಿಸುತ್ತವೆ, ಪೋರ್ಟಲಿಗೆ ಆ ಎರಡು ಹೆಸರುಗಳೂ ಬೇರೆ ಬೇರೆ ವ್ಯಕ್ತಿಗಳದ್ದಾಗಿ ಕಾಣುತ್ತವೆ.

ಪುಣೆಗೆ ಬರುವವರಿಗೆ ಇನ್ನೊಂದು ಮಾತು. ಇಲ್ಲಿಯ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನ ‘ಕಮವಾ ವ ಶಿಕಾ’ ಯೋಜನೆ ಇದೆ, ಅಂದರೆ ಗಳಿಸುತ್ತ ಕಲಿಯುವುದು. ಗ್ರಂಥಾಲಯ, ಕಚೇರಿ, ತೋಟದ ಕೆಲಸಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಶುಲ್ಕವನ್ನೆಲ್ಲ ಕಟ್ಟುವಷ್ಟು ಅದು ಬರುವುದಿಲ್ಲ, ಮೆಸ್ಸಿನ ಖರ್ಚಿಗೆ ಆಸರೆಯಾಗುತ್ತದೆ. ಬಾಡಿಗೆಯ ಕೊಠಡಿಯಲ್ಲಿ ಅಥವಾ ಖಾಸಗಿ ಹಾಸ್ಟೆಲಿನಲ್ಲಿ ಇರುವ, ನೋಂದಾಯಿತ ಕಾರ್ಮಿಕರ ಅಥವಾ ಸಣ್ಣ ಹಿಡುವಳಿದಾರರ ಮಕ್ಕಳು ಮಹಾಡಿಬಿಟಿಯಲ್ಲಿಯೇ ಡಾ. ಪಂಜಾಬರಾವ್ ದೇಶಮುಖ್ ವಸತಿಗೃಹ ನಿರ್ವಾಹ ಭತ್ಯೆಯನ್ನು ನೋಡಬೇಕು.

ಉತ್ತರ 4: ಸಂಘದ ಕಾರ್ಯಕರ್ತ, ಅಂಧೇರಿ

ನಮ್ಮ ಜಾತೀಯ ಸಂಘದ ಶಿಕ್ಷಣ ಸಮಿತಿಯಲ್ಲಿರುವುದರಿಂದ ಒಳಗಿನ ಮಾತನ್ನು ಬರೆಯುತ್ತೇನೆ. ಮುಂಬಯಿಯಲ್ಲಿ ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಾದ ಸಂಸ್ಥೆಗಳು ತಮ್ಮ ಸಮಾಜದ ಮಕ್ಕಳ ಓದಿಗೆ ಬಹು ಕಾಲದಿಂದ ನೆರವಾಗುತ್ತ ಬಂದಿವೆ. ಬಹುತೇಕ ಸಂಘಗಳಲ್ಲಿ ಇದು ಎರಡು ಬಗೆಯದು. ಒಂದು ವಾರ್ಷಿಕ ಸಮಾರಂಭದಲ್ಲಿ ವೇದಿಕೆಯ ಮೇಲೆ ಲಕೋಟೆಯಲ್ಲಿ ಕೊಡುವ ವಿದ್ಯಾರ್ಥಿವೇತನ, ಅದು ಪುಸ್ತಕಗಳಿಗೂ ರೈಲಿನ ಪಾಸಿಗೂ ಆದೀತು. ಇನ್ನೊಂದು ಶೈಕ್ಷಣಿಕ ದತ್ತು ಸ್ವೀಕಾರ, ಅಂದರೆ ಒಬ್ಬ ದಾನಿ ಒಂದು ಮಗುವಿನ ಶುಲ್ಕದ ಹೊಣೆಯನ್ನು ಕೋರ್ಸು ಮುಗಿಯುವವರೆಗೆ ಹೊರುವುದು. ಜನರು ಮೊದಲನೆಯದಕ್ಕೆ ಸಾಲು ನಿಲ್ಲುತ್ತಾರೆ, ಎರಡನೆಯದನ್ನು ಕೇಳಲು ಸಂಕೋಚಪಡುತ್ತಾರೆ. ದಯವಿಟ್ಟು ಕೇಳಿ. ಅಂಕಪಟ್ಟಿಯ ನಕಲಿನ ಜೊತೆ, ಕಾಲೇಜಿನ ಶುಲ್ಕದ ವಿಭಜನೆ, ಸರ್ಕಾರದಿಂದ ಬರಬಹುದಾದ ಮೊತ್ತ, ನೀವು ಹೊಂದಿಸಬಲ್ಲ ಮೊತ್ತ, ಉಳಿಯುವ ಕೊರತೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ತನ್ನಿ. ಕೊರತೆ ನಲವತ್ತು ಸಾವಿರ ಎಂದು ಲೆಕ್ಕ ತೋರಿಸಿದವರಿಗೆ ದಾನಿಯನ್ನು ಹುಡುಕುವುದು, ಏನಾದರೂ ಸಹಾಯ ಮಾಡಿ ಎಂದವರಿಗೆ ಹುಡುಕುವುದಕ್ಕಿಂತ ಬಹಳ ಸುಲಭ. ಪ್ರಕಟಣೆಗಳು ಮುಂಬಯಿಯ ಕನ್ನಡ ದಿನಪತ್ರಿಕೆಗಳಲ್ಲಿ ಜೂನ್ ತಿಂಗಳ ನಂತರ ಒಂದೊಂದಾಗಿ ಬರುತ್ತವೆ. ಮಗಳನ್ನೂ ಕರೆದುಕೊಂಡು ಬನ್ನಿ, ಸಮಿತಿಯವರು ಅವಳ ಮಾತನ್ನೇ ಕೇಳಬೇಕೆನ್ನುತ್ತಾರೆ.

ಉತ್ತರ 5: ವಾಸ್ಕೋದಿಂದ

ಗೋವಾದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ಇಲ್ಲಿಯ ಗೋವಾ ಶಿಕ್ಷಣ ಅಭಿವೃದ್ಧಿ ನಿಗಮವು ಬಡ್ಡಿಯಿಲ್ಲದ ಶಿಕ್ಷಣ ಸಾಲ ಕೊಡುತ್ತದೆ. ಇಲ್ಲಿಯೂ ವಾಸದ ಪ್ರಮಾಣಪತ್ರವೇ ಮೊದಲ ಮೆಟ್ಟಿಲು. ಬೈನಾದಲ್ಲಿ ಹುಟ್ಟಿ ಬೆಳೆದ ಮಕ್ಕಳ ಹೆತ್ತವರು ಕೂಡ ಆ ಪತ್ರವನ್ನು ಹನ್ನೆರಡನೆಯ ಫಲಿತಾಂಶದ ಮರುದಿನ ಹುಡುಕಲಾರಂಭಿಸುತ್ತಾರೆ.

ಉತ್ತರ 6: ಮುಲುಂಡಿನ ನಿವೃತ್ತ ಗುಮಾಸ್ತ

ಕೇಂದ್ರದ ಯೋಜನೆಗಳನ್ನೂ ಸಾಲವನ್ನೂ ನಾನು ಬಿಟ್ಟಿದ್ದೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ತಾಂತ್ರಿಕ ಶಿಕ್ಷಣದ ಹುಡುಗಿಯರಿಗಾಗಿಯೇ ಇರುವುದು. ವರ್ಷಕ್ಕೆ 50,000 ರೂಪಾಯಿ, ಆದಾಯದ ಮಿತಿ ಎಂಟು ಲಕ್ಷ, ಒಂದು ಮನೆಯಿಂದ ಇಬ್ಬರು ಹುಡುಗಿಯರವರೆಗೆ. ಅರ್ಜಿಯನ್ನು ನ್ಯಾಷನಲ್ ಸ್ಕಾಲರ್‌ಷಿಪ್ ಪೋರ್ಟಲಿನಲ್ಲಿ ಹಾಕಬೇಕು. ಅದೇ ಪೋರ್ಟಲಿನಲ್ಲಿ, ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ 80ನೆಯ ಪರ್ಸೆಂಟೈಲಿಗಿಂತ ಮೇಲಿರುವ, ಅಂದರೆ ಅಂಕಗಳಲ್ಲಿ ಮೊದಲ ಶೇಕಡಾ 20ರಲ್ಲಿ ಬರುವ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿನ ಮಕ್ಕಳಿಗೆ ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ ಕೊಡುವ ಕೇಂದ್ರ ವಲಯದ ಯೋಜನೆಯೂ ಇದೆ. ಆದರೆ ರಾಜ್ಯದ ಶುಲ್ಕ ಮನ್ನಾ ಪಡೆಯುತ್ತಿರುವವರು ಈ ಎರಡನೆಯದನ್ನು ಪಡೆಯುವಂತಿಲ್ಲ. ಸಾಮಾನ್ಯವಾಗಿ ಸರ್ಕಾರದ ಒಂದು ನೆರವಿನ ಮೇಲೆ ಇನ್ನೊಂದನ್ನು ಪೇರಿಸಲಾಗುವುದಿಲ್ಲವೆಂದೇ ತಿಳಿಯಿರಿ. ಅನುದಾನಿತ ಕಾಲೇಜಿನಲ್ಲಿ ಬಿ.ಎಸ್ಸಿ. ಅಥವಾ ಬಿ.ಕಾಂ. ಓದುವವರಿಗೆ ಆ ಹನ್ನೆರಡು ಸಾವಿರವೇ ಶುಲ್ಕಕ್ಕಿಂತ ಹೆಚ್ಚಾಗಬಹುದು. ಇಂಜಿನಿಯರಿಂಗಿಗೆ ಇಬಿಸಿಯೇ ಲೇಸು. ಸಂಘಗಳ ನೆರವಿಗೆ ಈ ನಿರ್ಬಂಧವಿಲ್ಲ. ರಿಲಯನ್ಸ್ ಫೌಂಡೇಶನ್ ಪದವಿಯ ಮೊದಲ ವರ್ಷದವರಲ್ಲಿ 5,000 ಜನರಿಗೆ ಪರೀಕ್ಷೆ ನಡೆಸಿ ಎರಡು ಲಕ್ಷದವರೆಗೆ ಕೊಡುತ್ತದೆ, ಅದನ್ನೂ ಪ್ರಯತ್ನಿಸಿ.

ಸಾಲಕ್ಕೆ ಹೆದರಬೇಡಿ, ಆದರೆ ಕೊರತೆಯಷ್ಟಕ್ಕೇ ಮಾಡಿ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ, ಹೆತ್ತವರು ಜೊತೆಯಲ್ಲಿ ಸಹಿ ಹಾಕಿದರೆ ಸಾಕು. ಕೋರ್ಸು ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭವಾಗುತ್ತದೆ. ಆದಾಯ ನಾಲ್ಕೂವರೆ ಲಕ್ಷದೊಳಗಿರುವ ವೃತ್ತಿಪರ ಕೋರ್ಸಿನ ವಿದ್ಯಾರ್ಥಿಗಳಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ಅದಕ್ಕಾಗಿ ಗುಣಮಟ್ಟ ಪರೀಕ್ಷಿಸುವ ಸಂಸ್ಥೆಗಳಾದ ನ್ಯಾಕ್‌ನ ಮಾನ್ಯತೆ ಕಾಲೇಜಿಗೆ ಅಥವಾ ಎನ್‌ಬಿಎಯ ಮಾನ್ಯತೆ ಕೋರ್ಸಿಗೆ ಇದೆಯೆ ಎಂದು ಮೊದಲು ನೋಡಿಕೊಳ್ಳಿ. 2024ರ ನವೆಂಬರಿನಲ್ಲಿ ಬಂದ ಕೇಂದ್ರದ ಶಿಕ್ಷಣ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿ ಆಯ್ದ ಉನ್ನತ ಸಂಸ್ಥೆಗಳಿಗೆ ಮಾತ್ರ, ಕಾಲೇಜು ಆ ಪಟ್ಟಿಯಲ್ಲಿದ್ದರಷ್ಟೇ ಅದರ ಕಡೆ ನೋಡಿ. ಸರ್ಕಾರದ ಹಣ ಹಲವು ಸಲ ವರ್ಷದ ಕೊನೆಗೆ ಬರುವುದರಿಂದ ಮೊದಲ ವರ್ಷದ ಪೂರ್ತಿ ಶುಲ್ಕವನ್ನು ಕಾಲೇಜು ಮುಂಗಡವಾಗಿ ಕೇಳಬಹುದು. ಇಬಿಸಿಗೆ ಅರ್ಹಳೆಂಬ ಅರ್ಜಿಯೊಡನೆ ಪ್ರಾಂಶುಪಾಲರನ್ನು ಕಂಡು ಅರ್ಧವನ್ನು ಮಾತ್ರ ಕಟ್ಟಿಸಿಕೊಳ್ಳುವಂತೆ ಲಿಖಿತವಾಗಿ ಕೇಳಿ.

ಪ್ರಶ್ನೆ ಕೇಳಿದವರು: ಡೊಂಬಿವಲಿಯ ತಂದೆ

ಎಲ್ಲರಿಗೂ ಕೃತಜ್ಞತೆಗಳು. ಮಧ್ಯವರ್ತಿಗೆ ಬೇಡವೆಂದು ಹೇಳಿದ್ದೇನೆ. ನನ್ನ ತಂದೆಯವರು 1960ರ ದಶಕದಲ್ಲಿ ಕೋಟೆಯ ಹೋಟೆಲೊಂದರಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದವರು, ಆದ್ದರಿಂದ ಗೋರೆಗಾಂವ್ ಅಕ್ಕನವರು ಹೇಳಿದ ಹಾದಿ ನಮಗಿಲ್ಲ. ಇಬಿಸಿಗೇ ಅರ್ಜಿ ಹಾಕುತ್ತೇವೆ. ಮಗಳು ನಿನ್ನೆ ರಾತ್ರಿಯೇ ಆಧಾರ್ ಸೀಡಿಂಗ್ ಪರಿಶೀಲಿಸಿದಳು. ಅದು ಅಜ್ಜಿ ಊರಿನಲ್ಲಿ ತೆರೆಸಿದ್ದ ಖಾತೆಗೇ ಇದೆ! ಸೋಮವಾರ ನನಗೆ ವಾರದ ರಜೆ. ಬೆಳಿಗ್ಗೆ ಬ್ಯಾಂಕು, ಅಲ್ಲಿಂದ ಬಾಲವಾಡಿಯ ಬೋನಾಫೈಡ್, ಆಮೇಲೆ ಕಲ್ಯಾಣ. ಆ ಬಾಲವಾಡಿ ಮುಚ್ಚಿ ನಾಲ್ಕು ವರ್ಷವಾಗಿದೆ, ನಡೆಸುತ್ತಿದ್ದ ಬಾಯಿಯವರು ಈಗ ಬದಲಾಪುರದಲ್ಲಿದ್ದಾರೆಂದು ತಿಳಿಯಿತು. ಅವರ ಬಳಿ ಹಳೆಯ ರಿಜಿಸ್ಟರ್ ಇಲ್ಲವಾದರೆ ನನ್ನ ಡೊಮಿಸೈಲ್ ಮತ್ತು ಮಗಳ ಲಸಿಕೆಯ ಕಾರ್ಡಿನಿಂದ ಆ ಮೂರು ವರ್ಷಗಳನ್ನು ತೋರಿಸಲು ಬರುತ್ತದೆಯೆ ಎಂದು ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 7: ಮುಲುಂಡಿನ ನಿವೃತ್ತ ಗುಮಾಸ್ತ

ಲಸಿಕೆಯ ಕಾರ್ಡು ಇಲ್ಲಿಯ ನಗರಪಾಲಿಕೆಯ ದವಾಖಾನೆಯದಾಗಿದ್ದು ತಾರೀಕುಗಳು ಓದಲು ಬರುವಂತಿದ್ದರೆ ಅದನ್ನೂ ಲಗತ್ತಿಸಿ, ನಿಮ್ಮ ಡೊಮಿಸೈಲನ್ನು ಮೇಲಿಡಿ. ಅಷ್ಟರ ಮೇಲೂ ಸೇತು ಕೇಂದ್ರದವರು ಒಪ್ಪದಿದ್ದರೆ ಅಲ್ಲಿಯೇ ವಾದಿಸುತ್ತ ನಿಲ್ಲಬೇಡಿ, ಅರ್ಜಿಯನ್ನು ದಾಖಲಿಸಿ ಟೋಕನ್ ಪಡೆದು ನೇರವಾಗಿ ನಾಯಬ್ ತಹಸೀಲ್ದಾರರನ್ನು ಕಾಣಿರಿ.